ತಾಸಿಗೆ ಎಷ್ಟು, ರೊಟ್ಟಿಗೆ ಎಷ್ಟು

ಹೋದ ವರ್ಷ ಮಾರ್ಚ್‌ನ ಒಂದು ಶನಿವಾರ ಬೆಳಿಗ್ಗೆ ನಮ್ಮ ಬೀದಿಯ ಮೂಲೆಯಲ್ಲಿ ಒಂದು ಲಾರಿ ಕಟ್ಟಿಗೆ ಚೂರು ಸುರಿದು ಹೋಯಿತು. ಸಿಯಾಟಲ್‌ನಿಂದ ಅರ್ಧ ತಾಸಿನ ದಾರಿಯ ಸಣ್ಣ ಊರು ಇದು. ಜಿಟಿಜಿಟಿ ಮಳೆ ಬೇರೆ. ಸೊಮಾಲಿಯಾದ ಒಬ್ಬ ಅಜ್ಜಿ, ವಿಯೆಟ್ನಾಂನ ಗಂಡ ಹೆಂಡತಿ, ಬಸ್ ಓಡಿಸಿ ನಿವೃತ್ತರಾದ ಪಂಜಾಬಿ ಅಂಕಲ್, ಕೊಪ್ಪಳದ ನಾನು, ಹೀಗೆ ಹನ್ನೊಂದು ಮಂದಿ ಸಲಿಕೆ ಹಿಡಿದು ಸಂಜೆವರೆಗೆ ಅದನ್ನು ಹರವಿದೆವು. ಪಾಳುಬಿದ್ದ ಆ ಜಾಗದಲ್ಲಿ ಓಣಿಯವರೆಲ್ಲ ಸೇರಿ ಕಾಯಿಪಲ್ಲೆ ಬೆಳೆಯಬೇಕು ಅನ್ನುವುದು ನಮ್ಮ ಯೋಚನೆ. ನನ್ನ ಕಣ್ಣು ಮಾತ್ರ ಪುಂಡಿಪಲ್ಲೆ ಮೇಲಿತ್ತು. ಇಲ್ಲಿನ ಚಳಿಗೆ ಅದು ಮೇಲೇಳಲೇ ಇಲ್ಲ, ಆ ಮಾತು ಬೇರೆ.

ರಾತ್ರಿ ಫೋಟೋ ನೋಡಿ ಅವ್ವ ಕೇಳಿದ ಮೊದಲ ಪ್ರಶ್ನೆ: "ಇದಕ್ಕೆಲ್ಲಾ ರೊಕ್ಕ ಯಾರು ಕೊಟ್ರು?"

ಅಲ್ಲಿಂದ ಶುರುವಾದ ಪಾಠ ಇದು. ರೊಕ್ಕ ಕೊಟ್ಟದ್ದು ಊರಿನ ಪುರಸಭೆ, 5,000 ಡಾಲರ್ ಗ್ರ್ಯಾಂಟ್. ಕಂಟ್ರಾಕ್ಟರ್ ಕೈಗಲ್ಲ, ಓಣಿಯವರ ಕೈಗೆ. ಆದರೆ ಒಂದು ಷರತ್ತು. ಅವರು ಎಷ್ಟು ಕೊಡುತ್ತಾರೋ ಅಷ್ಟು ಪಾಲು ನಾವೂ ಹಾಕಬೇಕು. ಇಲ್ಲಿರುವುದೇ ನನಗೆ ಹಿಡಿಸಿದ ವಿಷಯ: ನಮ್ಮ ಪಾಲು ರೊಕ್ಕವೇ ಆಗಬೇಕಿಲ್ಲ, ಮೈಮುರಿದು ದುಡಿದರೂ ನಡೆಯುತ್ತದೆ. ಸಿಯಾಟಲ್ ನಗರ 1988ರಲ್ಲೇ ಇಂಥದ್ದೊಂದು ನಿಧಿ ತೆಗೆದು, ಓಣಿಯವರ ದುಡಿಮೆಯನ್ನು ಅವರ ಪಾಲು ಎಂದು ಲೆಕ್ಕಕ್ಕೆ ಹಿಡಿಯಿತು. ನಮ್ಮ ಊರಿನದೂ ಅದೇ ಜಾತಿಯದು. ಸ್ವಯಂಸೇವೆಯ ಒಂದು ತಾಸಿಗೆ ಬೆಲೆ ಎಷ್ಟು ಎಂದು ಅಮೆರಿಕದಲ್ಲಿ ಪ್ರತಿ ವರ್ಷ ಲೆಕ್ಕ ಹಾಕಿ ಪ್ರಕಟಿಸುತ್ತಾರೆ; 2023ಕ್ಕೆ ಅದು 33.49 ಡಾಲರ್. ನಮ್ಮ ಅರ್ಜಿಯಲ್ಲಿ ಹಿಡಿದದ್ದೂ ಅದನ್ನೇ. ಹಾಗಾಗಿ 5,000 ಡಾಲರಿಗೆ ಎದುರು ಸುಮಾರು 150 ತಾಸಿನ ದುಡಿಮೆ.

ಅವ್ವನಿಗೆ ತಿಳಿಸಲು ನನಗೆ ಬೇರೆ ಉಪಮೆ ಹುಡುಕುವ ಕೆಲಸವಿರಲಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ, ನಮ್ಮ ಗವಿಸಿದ್ದಪ್ಪಜ್ಜನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ಗಟ್ಟಲೆ ಜೋಳದ ರೊಟ್ಟಿ ಬಂದು ದಾಸೋಹದ ಮನೆಯಲ್ಲಿ ಬಣವೆಯಂತೆ ಏಳುತ್ತದಲ್ಲ, ಅದೇ. ಯಾರೂ ಚೆಕ್ ಬರೆಯುವುದಿಲ್ಲ, ಊರೆಲ್ಲ ಉಣ್ಣುತ್ತದೆ. ವ್ಯತ್ಯಾಸ ಒಂದೇ, ಇಲ್ಲಿ ಆ ರೊಟ್ಟಿ ಬಡಿದವರ ತಾಸು ಬರೆದಿಡಬೇಕು.

ಬರೆದಿಡುವುದಕ್ಕೆ ಮೊದಲು ಇನ್ನೊಂದು ತೊಡಕಿತ್ತು. ಗ್ರ್ಯಾಂಟ್ ರೊಕ್ಕ ನನ್ನ ಖಾತೆಗೆ ಬರುವಂತಿಲ್ಲ, ನೋಂದಾಯಿತ ಸಂಸ್ಥೆ ಬೇಕು. ಇಲ್ಲಿ ಅದಕ್ಕೆ 501(ಸಿ)(3) ಅನ್ನುತ್ತಾರೆ, ಸೇವಾ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿ ಕೊಡುವ ಕಲಮಿನ ಸಂಖ್ಯೆಯೇ ಹೆಸರಾಗಿಬಿಟ್ಟಿದೆ. ವರ್ಷದ ಆದಾಯ 50,000 ಡಾಲರ್ ದಾಟದ ಸಣ್ಣ ಸಂಸ್ಥೆಗಳಿಗೆ 1023-ಈಝಡ್ ಅನ್ನುವ ಚಿಕ್ಕ ಅರ್ಜಿ ಇದೆ, ಶುಲ್ಕ 275 ಡಾಲರ್. ಆದರೆ ಒಂದು ತೋಟಕ್ಕಾಗಿ ಸಂಸ್ಥೆ ಕಟ್ಟಿದರೆ ಆಮೇಲೆ ವರ್ಷ ವರ್ಷ ಅದನ್ನು ಸಾಕಬೇಕು. ಮೂರು ವರ್ಷ ಸತತ ರಿಟರ್ನ್ ಹಾಕದಿದ್ದರೆ ಮಾನ್ಯತೆ ತಾನಾಗಿಯೇ ಬಿದ್ದುಹೋಗುತ್ತದೆ. ಅದಕ್ಕೇ ನಾವು ಪಕ್ಕದ ಬಡಾವಣೆಯ ಹಳೆಯ ಸಂಸ್ಥೆಯೊಂದರ ನೆರಳಿಗೆ ಹೋದೆವು. ರೊಕ್ಕ ಅವರ ಖಾತೆಗೆ, ಕೆಲಸ ನಮ್ಮದು, ಲೆಕ್ಕ ಬರೆಯುವುದಕ್ಕೆ ಅವರಿಗೆ ನೂರಕ್ಕೆ ಎಂಟು. ಇದಕ್ಕೆ ಫಿಸ್ಕಲ್ ಸ್ಪಾನ್ಸರ್ ಎಂಬ ದೊಡ್ಡ ಹೆಸರು.

ಅರ್ಜಿಯಲ್ಲಿ ನಾನು ಹಸಿರು, ಮಣ್ಣಿನ ವಾಸನೆ, ಸೌಹಾರ್ದ ಎಂದೆಲ್ಲ ಎರಡು ಪುಟ ಬರೆದಿದ್ದೆ. ಆ ಸಂಸ್ಥೆಯ ಹೆಣ್ಣುಮಗಳು ಓದಿ ಅಷ್ಟನ್ನೂ ಹೊಡೆದುಹಾಕಿ ಕೇಳಿದರು, "ಎಷ್ಟು ಮನೆ ಬಾಗಿಲು ತಟ್ಟಿದ್ದೀರಿ? ನೀರಿನ ಬಿಲ್ ಯಾರು ಕಟ್ಟುತ್ತಾರೆ? ನೀವು ಊರು ಬಿಟ್ಟರೆ ಕೀಲಿ ಯಾರ ಹತ್ತಿರ?" ಮೂರಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಎರಡು ವಾರ ಬಾಗಿಲು ತಟ್ಟಿದ್ದಾಯಿತು.

ಮಂಜೂರಾದ ಮೇಲೂ ರೊಕ್ಕ ಕೈಗೆ ಬರಲಿಲ್ಲ. ಮೊದಲು ಖರ್ಚು ಮಾಡಿ, ರಸೀದಿ ಕೊಟ್ಟು ಪಡೆಯಬೇಕು. ಮಣ್ಣು, ಹಲಗೆ, ಪೈಪಿನ 1,900 ಡಾಲರ್ ಪಂಜಾಬಿ ಅಂಕಲ್ ಅವರ ಕ್ರೆಡಿಟ್ ಕಾರ್ಡಿನ ಮೇಲೆ ಏಳು ವಾರ ಕೂತಿತ್ತು. ಆ ಏಳು ವಾರ ಅವರ ಹೆಂಡತಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಓಣಿಗಾಗಿ ಕೊಡುವ ರೊಕ್ಕವನ್ನು ಕೈಯಲ್ಲಿ ರೊಕ್ಕ ಇದ್ದವರಷ್ಟೇ ಪಡೆಯುವಂತೆ ಮಾಡಿದರೆ ಬಡವರ ಓಣಿ ಏನು ಮಾಡಬೇಕು? ಇದನ್ನು ನಾನು ಕೊನೆಯ ವರದಿಯಲ್ಲೂ ಬರೆದೆ.

ಆದರೆ ದೊಡ್ಡ ಪೆಟ್ಟು ಬಿದ್ದದ್ದು ನನ್ನ ತಪ್ಪಿನಿಂದಲೇ. ಮಾರ್ಚ್‌ನ ಆ ಶನಿವಾರ ಹನ್ನೊಂದು ಮಂದಿ, ತಲಾ ಆರು ತಾಸು, ಒಟ್ಟು 66 ತಾಸು, ಅಂದರೆ 2,210 ಡಾಲರ್. ಮಳೆಯ ಗಡಿಬಿಡಿಯಲ್ಲಿ ಹಾಜರಿ ಹಾಳೆಗೆ ಯಾರ ಸಹಿಯನ್ನೂ ತೆಗೆದುಕೊಂಡಿರಲಿಲ್ಲ. ಕೆಲಸ ಆಗಿದ್ದು ಕಣ್ಣಿಗೆ ಕಾಣುತ್ತದೆ, ಹಾಳೆ ಎಲ್ಲಿ ಎಂದರು ಕಚೇರಿಯವರು, ನಗುನಗುತ್ತಲೇ. ಫೋಟೋ ತೋರಿಸಿದೆ, ನಡೆಯಲಿಲ್ಲ. ಆ ತಾಸು ತುಂಬಲು ಮತ್ತೆ ಮೂರು ಶನಿವಾರ ದುಡಿದೆವು. ಸೊಮಾಲಿ ಅಜ್ಜಿ ಪ್ರತಿ ಸಲ ಬಂದಾಗ ಮೊದಲು ಪೆನ್ನು ಕೇಳುತ್ತಿದ್ದರು, ಆಮೇಲೆ ಸಲಿಕೆ.

ಇದನ್ನು ಹೇಳಿ ಅವ್ವನಿಂದ ಸಮಾಧಾನ ಬರುತ್ತದೆ ಅಂದುಕೊಂಡಿದ್ದೆ.

"ಅಲ್ಲವಾ, ಅಷ್ಟು ಓದಿದಾಕಿ ನೀನು, ಒಂದು ಸಹಿ ತಗೊಳ್ಳಾಕ ಬರಲಿಲ್ಲೇನು? ನಮ್ಮ ಸಂಘದಾಗ ಸಹಿ ಇಲ್ದ ಹತ್ತು ರೂಪಾಯಿ ಸೈತ ಕೊಡಂಗಿಲ್ಲ. ಸಹಿ ಬರದಾಕಿ ಹೆಬ್ಬಟ್ಟು ಒತ್ತತಾಳ."

ನಿಜ. ಅವ್ವನ ಸ್ತ್ರೀಶಕ್ತಿ ಸಂಘದ ನಡವಳಿ ಪುಸ್ತಕ ನಾನು ಸಣ್ಣವಳಿದ್ದಾಗಿನಿಂದ ಮನೆಯ ಮಾಡದಲ್ಲೇ ಇದೆ. ಅಮೆರಿಕಕ್ಕೆ ಬಂದು ಕಲಿತೆ ಅಂದುಕೊಂಡದ್ದು ಅಲ್ಲೇ, ಕುಂಕುಮದ ಡಬ್ಬಿ ಪಕ್ಕ ಇತ್ತು.

ಅವ್ವನ ಓಣಿಯಲ್ಲಿ ಹುಡುಗರಿಗೊಂದು ಓದುವ ಕೋಣೆ ಮಾಡಬೇಕು ಅನ್ನುವ ಮಾತು ಈಗ ಎದ್ದಿದೆ. ಸಂವಿಧಾನದಲ್ಲಿ ನಮ್ಮ ಕಲ್ಯಾಣ ಕರ್ನಾಟಕಕ್ಕೆಂದು 371(ಜೆ) ಕಲಮು ಬಂದ ಮೇಲೆ ನಮ್ಮ ಭಾಗದ ಅಭಿವೃದ್ಧಿ ಮಂಡಳಿಗೆ ಕೋಟಿಗಟ್ಟಲೆ ಅನುದಾನ ಬರುತ್ತದೆ, ಆದರೆ ಐವತ್ತು ಸಾವಿರದ ಓದುವ ಕೋಣೆಗೆ ಓಣಿಯ ಹೆಣ್ಣುಮಕ್ಕಳು ನೇರ ಅರ್ಜಿ ಹಾಕುವ ಕಿಟಕಿ ನಾನಂತೂ ಕಂಡಿಲ್ಲ. ಕಂಪನಿಗಳು ಸಮಾಜಕ್ಕೆಂದು ತೆಗೆದಿಡುವ ಸಿಎಸ್‌ಆರ್ ರೊಕ್ಕ ಪಡೆಯಬೇಕಾದರೆ ಆದಾಯ ತೆರಿಗೆಯವರ ನೋಂದಣಿ, ಆಮೇಲೆ ಸಿಎಸ್‌ಆರ್-1 ನೋಂದಣಿ ಎಂದು ಮೆಟ್ಟಿಲ ಮೇಲೆ ಮೆಟ್ಟಿಲು. ಪಂಜಾಬಿ ಅಂಕಲ್ 100 ಡಾಲರ್ ಕೊಡಲು ಬಂದರು. ಅವರು ಅಮೆರಿಕದ ಪ್ರಜೆ. ಅವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಪಡೆಯುವವರಿಗೆ ವಿದೇಶಿ ದೇಣಿಗೆ ಕಾನೂನಿನ (ಎಫ್‌ಸಿಆರ್‌ಎ) ನೋಂದಣಿಯೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆಯೂ ಬೇಕು. ನಿನ್ನ ಕೈಯಿಂದಲೇ ದಾಟಿಸು ಅಂದರು, ಅದೂ ತಪ್ಪು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ನನ್ನ ಉಳಿತಾಯದ್ದು ಬ್ಯಾಂಕಿನಿಂದ ಕಳಿಸಿದರೆ ಆ ಕಾಟವಿಲ್ಲ. 5,000 ರೂಪಾಯಿ ಕಳಿಸಿದೆ.

"ಅದಿರಲಿ, ತಾಸಿಗೆ ಎಷ್ಟಂದಿ?" ಎಂದಳು ಅವ್ವ.

"ನಮ್ಮ ರೊಕ್ಕದಾಗ ಸುಮಾರು 2,800 ಬೇ."

"ಜಾತ್ರಿ ರೊಟ್ಟಿಗೆ ನಾವು ಎಂಟು ಮಂದಿ ಮೂರು ದಿನ ಕುಂದರ್ತೀವಿ. ದಿನಾ ಆರು ತಾಸು ಹಿಡಿ."

144 ತಾಸು. ನಮ್ಮ ತೋಟದ ಪಾಲಿಗೆ ಆರೇ ತಾಸು ಕಡಿಮೆ. ನಾಲ್ಕು ಲಕ್ಷ ದಾಟಿತು ಅಂದೆ.

"ಯವ್ವಾ! ಬಿಲ್ ಗವಿಸಿದ್ದಪ್ಪಜ್ಜಗ ಕಳಸ್ಲೇನು?"

ನಕ್ಕಳು, ಆದರೆ ಬಿಡಲಿಲ್ಲ. ಬರುವ ಜಾತ್ರೆಗೆ ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಯಾರು ಎಷ್ಟು ತಾಸು ಕೂತರು ಎಂದು ಬರೆಸುತ್ತಾಳಂತೆ. ಪಕ್ಕದ ಮನೆ ಕಾಕಿ ಮಾತ್ರ ಒಪ್ಪಿಲ್ಲ. ಸೇವಾಕ್ಕ ಸಹಿ ಯಾಕ ಬೇಕು ಅಂತ ಮುಖ ತಿರುವಿಕೊಂಡು ಹೋದಳಂತೆ.