ಒಂದೂವರೆ ಗಂಟೆಯ ಮನೆಪಾಠವನ್ನು ಹಂಚುವ ಬಗೆ

ಸಂಜೆ ಆರರಿಂದ ಏಳೂವರೆಯವರೆಗೆ ನಮ್ಮ ಮನೆಯ ಹಜಾರದಲ್ಲಿ ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಗಣಿತ ಕಲಿಯುತ್ತಾರೆ. ತರಗತಿಗೆ ಅರ್ಧ ಗಂಟೆಯಂತೆ ಪಾಲು ಮಾಡುವುದು ಸುಲಭ. ಆದರೆ ಹಾಗೆ ಮಾಡಿದರೆ ಪ್ರತಿಯೊಂದು ಮಗುವೂ ಉಳಿದ ಒಂದು ಗಂಟೆಯನ್ನು ಪೆನ್ಸಿಲ್ ಕಚ್ಚುತ್ತಾ ಕಳೆಯುತ್ತದೆ. ಆದ್ದರಿಂದ ಯಾರಿಗೆ ಯಾವ ಹೊತ್ತಿನಲ್ಲಿ ನನ್ನ ನೆರವು ಬೇಕು, ಯಾರು ತಾವಾಗಿಯೇ ಮುಂದುವರಿಯಬಲ್ಲರು ಎಂಬುದನ್ನು ನೋಡಿಕೊಂಡು ವೇಳೆಯನ್ನು ಗೊತ್ತುಮಾಡುತ್ತೇನೆ.

ಈ ಕ್ರಮಕ್ಕೆ ಪ್ರೇರಣೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ಕೆಲವರು ಶಿಕ್ಷಕರ ನೆರವಿನಿಂದ, ಕೆಲವರು ಗೆಳೆಯರ ನೆರವಿನಿಂದ, ಇನ್ನು ಕೆಲವರು ಸ್ವಂತವಾಗಿ ಕಲಿಯುತ್ತಾರೆ. ಅದರಲ್ಲಿ ಮಕ್ಕಳು ಕಲಿಯಲು ಬಳಸುವ ಕಾರ್ಡುಗಳು ಪ್ರೌಢಶಾಲೆಯ ಗಣಿತಕ್ಕೆ ಒದಗಲಾರವು, ಗುಂಪಿನ ಕ್ರಮ ಮಾತ್ರ ಚೆನ್ನಾಗಿ ಒದಗುತ್ತದೆ.

ಮೊದಲ ಹತ್ತು ನಿಮಿಷ ಯಾರೂ ಪುಸ್ತಕ ತೆರೆಯುವಂತಿಲ್ಲ. ಹಿಂದಿನ ಪಾಠದ ಎರಡು ಲೆಕ್ಕಗಳನ್ನು ನೆನಪಿನಿಂದಲೇ ಬಿಡಿಸಬೇಕು. ಕಲಿತದ್ದರಲ್ಲಿ ಹೆಚ್ಚಿನ ಪಾಲು ಆರಂಭದಲ್ಲಿಯೇ ಬೇಗನೆ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದರು. ಅನಂತರ ಹತ್ತನೇ ತರಗತಿಯವರಿಗೆ ನಾನು ಸಮಾಂತರ ಶ್ರೇಢಿಯನ್ನೋ ಥೇಲ್ಸ್ ಪ್ರಮೇಯವನ್ನೋ ವಿವರಿಸುವಷ್ಟರಲ್ಲಿ ಎಂಟನೆಯವರು ಅಪವರ್ತಿಸುವ ಲೆಕ್ಕಗಳನ್ನು ಮಾಡುತ್ತಿರುತ್ತಾರೆ, ಒಂಬತ್ತನೆಯವರು ಅವನ್ನು ತಿದ್ದುತ್ತಾರೆ. ತಿದ್ದುವವರು ತಮ್ಮ ಹಳೆಯ ಪಾಠವನ್ನು ಮತ್ತೊಮ್ಮೆ ಓದಿದಂತಾಗುತ್ತದೆ. ಆಮೇಲೆ ಹತ್ತನೆಯವರು ಅಭ್ಯಾಸದ ಲೆಕ್ಕಗಳಿಗೆ ತೊಡಗುತ್ತಾರೆ, ನಾನು ಒಂಬತ್ತನೆಯವರ ಬಳಿ ಕುಳಿತು, ಬಳಿಕ ಎಂಟನೆಯವರತ್ತ ತಿರುಗುತ್ತೇನೆ.

ಶಾಲೆಯ ಹೋಮ್‌ವರ್ಕ್ ಇಲ್ಲಿಯೇ ಮುಗಿಯಲಿ ಎಂಬುದು ಬಹುತೇಕ ಪೋಷಕರ ಅಪೇಕ್ಷೆ. ಅದಕ್ಕೆ ಕೊನೆಯ ಹತ್ತು ನಿಮಿಷ ಮೀರಿ ಕೊಡುವುದಿಲ್ಲ. ಅರ್ಥವಾಗದ ಲೆಕ್ಕವನ್ನು ಕೇಳಬಹುದು, ನೋಟ್ಸ್ ಬರೆಯುವ ಕೆಲಸ ಮನೆಯದೇ. ಪೋಷಕರಲ್ಲಿ ನಾನು ಕೇಳುವುದು ಬೇರೊಂದು: ಶಾಲೆಯಿಂದ ಬಂದ ಮಗುವಿಗೆ ಏನಾದರೂ ತಿನ್ನಿಸಿ ಕಳುಹಿಸಿ, ಹಸಿದ ಹೊಟ್ಟೆಗೆ ಯಾವ ಪ್ರಮೇಯವೂ ಹತ್ತುವುದಿಲ್ಲ.

ಹತ್ತನೆಯವರಿಗೆ ಗಡಿಯಾರದ ಅಭ್ಯಾಸ ಪ್ರತ್ಯೇಕವಾಗಿ ಬೇಕು. ಎಸ್‌ಎಸ್‌ಎಲ್‌ಸಿ ಗಣಿತದ 80 ಅಂಕಗಳ ಪ್ರಶ್ನೆಪತ್ರಿಕೆಗೆ, ಪ್ರಶ್ನೆಗಳನ್ನು ಓದಿಕೊಳ್ಳುವ 15 ನಿಮಿಷ ಬಿಟ್ಟರೆ, ಬರೆಯಲು 3 ಗಂಟೆ ಸಿಗುತ್ತದೆ. ಎಂದರೆ ಅಂಕವೊಂದಕ್ಕೆ ಎರಡೂಕಾಲು ನಿಮಿಷ. ನಕ್ಷೆಯ ಮೂಲಕ ಸಮೀಕರಣಗಳ ಜೋಡಿಯನ್ನು ಬಿಡಿಸುವ ನಾಲ್ಕು ಅಂಕದ ಲೆಕ್ಕಕ್ಕೆ ಒಂಬತ್ತು ನಿಮಿಷವಷ್ಟೇ. ಅಕ್ಷಗಳನ್ನು ಎಳೆದು, ಪ್ರಮಾಣವನ್ನು ಆರಿಸುವುದರಲ್ಲಿಯೇ ಅದರ ಅರ್ಧ ಕಳೆಯುವ ಮಕ್ಕಳಿಗೆ ಶನಿವಾರ ಬೇರೇನನ್ನೂ ಕೊಡದೆ ಅದೊಂದೇ ಲೆಕ್ಕವನ್ನು, ಸಂಖ್ಯೆಗಳನ್ನು ಬದಲಿಸುತ್ತಾ, ವೇಳೆ ನೋಡಿಕೊಂಡು ಮಾಡಿಸುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಗಳು ಹತ್ತಿರವಾದಾಗ ಇವರನ್ನು ಬೆಳಗಿನ ಹೊತ್ತಿಗೆ ಕರೆಸಿಕೊಂಡು, ಸಂಜೆಯನ್ನು ಉಳಿದ ಎರಡು ತರಗತಿಗಳಿಗೆ ಬಿಡುತ್ತೇನೆ.