ಡ್ರಮ್ಮಿನ ಮುಚ್ಚಳ ಯಾರು ಮುಚ್ಚಬೇಕು?

ಕಾಲೇಜಿನ ನಾಟಕ ತಂಡದ ಸಾಮಾನು ಕೋಣೆಯಲ್ಲಿ ಆ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇನ್ನೂ ಇದ್ದರೆ ಒಮ್ಮೆ ಬಗ್ಗಿ ನೋಡಿ. ಅದಕ್ಕೆ ತಳವಿಲ್ಲ. 200 ಲೀಟರಿನ ಡ್ರಮ್ಮಿನ ತಳವನ್ನು ಗರಗಸದಲ್ಲಿ ಕೊಯ್ದು, ಕೊಯ್ದ ಅಂಚು ಮಕ್ಕಳ ಮೊಣಕೈಗೆ ತರಚದ ಹಾಗೆ ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಸುತ್ತಲೂ ಸಿಕ್ಕಿಸಿದ್ದು. ನಿಲ್ಲಿಸಿದರೆ ಅಜ್ಜಿ ಮನೆಯ ನೀರಿನ ಡ್ರಮ್ಮು. ಮಲಗಿಸಿದರೆ ಸೊಳ್ಳೆ ಮರಿಗಳು ನುಸುಳುವ ಸುರಂಗ. ಬಾಕಿ ರಂಗಸಜ್ಜಿಕೆ ಅಂತ ಏನೂ ಇರಲಿಲ್ಲ.

ಹಳೆಯ ವಿದ್ಯಾರ್ಥಿಗಳ ನೆನಪು ಎಂದರೆ ಕ್ಯಾಂಟೀನು, ಮರದ ಕಟ್ಟೆ, ಪಾಸಾಗದ ಪೇಪರು. ಅವನ್ನು ಬೇರೆಯವರು ಬರೆಯಲಿ. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆಂದು ತಂಡ ಕಟ್ಟಿದ ಡೆಂಗಿ ನಾಟಕ ಹೇಗೆ ನಿಂತಿತು, ಎಲ್ಲೆಲ್ಲಿ ಬಿತ್ತು ಎನ್ನುವುದನ್ನಷ್ಟೇ ಇಲ್ಲಿ ಇಡುತ್ತೇನೆ. ಈಗಿನ ತಂಡದವರಿಗೆ ಕೆಲಸಕ್ಕೆ ಬಂದೀತು.

ಕೈಯಲ್ಲಿದ್ದದ್ದು ದೊಡ್ಡವರಿಗೆ ಬರೆದ ಬೀದಿ ನಾಟಕ. ಮುಕ್ಕಾಲು ಗಂಟೆ, 11 ಪಾತ್ರ, ಪ್ರತಿ ಪಾತ್ರದ ಬಾಯಲ್ಲೂ ಒಂದು ಘೋಷಣೆ. ಅದನ್ನೇ ಚಿಕ್ಕದು ಮಾಡಿದರೆ ಮಕ್ಕಳ ನಾಟಕವಾಗುತ್ತದೆ ಎಂದುಕೊಂಡದ್ದು ಮೊದಲ ತಪ್ಪು. ಚಿಕ್ಕದಾದದ್ದು ಗಡಿಯಾರದ ಹೊತ್ತು ಮಾತ್ರ, ಮಾತಿನ ಭಾರ ಇಳಿಯಲಿಲ್ಲ. ಆಮೇಲೆ ಲೆಕ್ಕ ತಿರುಗಿಸಿ ಹಾಕಬೇಕಾಯಿತು: ಏಳು ವರ್ಷದ ಮಗು ಮನೆಗೆ ಹೋಗಿ ಅಮ್ಮನಿಗೆ ಹೇಳಬಲ್ಲ ಮಾತು ಎಷ್ಟು? ಮೂರು. ಡೆಂಗಿಯ ಸೊಳ್ಳೆ ಹುಟ್ಟುವುದು ನಮ್ಮ ಮನೆಯ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ, ಉಜ್ಜಿ, ಮುಚ್ಚಬೇಕು. ಪ್ಲೇಟ್‌ಲೆಟ್ಟು, ವೈರಸ್ಸಿನ ನಾಲ್ಕು ಬಗೆ, ಹೊಗೆ ಹೊಡೆಯುವ ಯಂತ್ರ ಎಲ್ಲ ಹೊರಗೆ ಹೋದವು.

ಈ ಮೂರರಲ್ಲಿ ದೊಡ್ಡವರ ನಾಟಕಗಳೂ ಬಿಟ್ಟುಬಿಡುವ ಮಾತು 'ಉಜ್ಜಿ' ಎನ್ನುವುದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲೆ ತೇಲಿಬಿಡುವುದಿಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಉಳಿಯುತ್ತದೆ. ಒಣಗಿ ತಿಂಗಳುಗಟ್ಟಲೆ ಕಳೆದ ಮೇಲೂ ನೀರು ಬಿದ್ದರೆ ಮರಿ ಹೊರಬರುತ್ತದೆ. ಅದನ್ನು ಹೇಳಿ ತೋರಿಸುವ ಬದಲು ಮಾಡಿ ತೋರಿಸಲು ಡ್ರಮ್ಮಿನ ಒಳಗೋಡೆಗೆ ಬೆಲ್ಲದ ಪಾಕದಲ್ಲಿ ಕರಿಎಳ್ಳು ಅಂಟಿಸಿದ್ದಾಯಿತು. ಒಂದು ಮಗು ಚೊಂಬಿನಿಂದ ನೀರು ಎರಚುತ್ತದೆ, ಎಳ್ಳು ಅಲುಗುವುದಿಲ್ಲ. ತೆಂಗಿನ ನಾರಿನಲ್ಲಿ ಉಜ್ಜಿದರೆ ಉದುರುತ್ತದೆ. ಪಾಕ ಹಿಂದಿನ ರಾತ್ರಿಯೇ ಹಚ್ಚಿ ಒಣಗಬೇಕು. ಬೆಳಿಗ್ಗೆ ಹಚ್ಚಿದರೆ ಚೊಂಬಿನ ನೀರಿಗೇ ಎಳ್ಳು ಜಾರಿ ನಾಟಕ ಹೇಳುವುದೇ ಸುಳ್ಳಾಗುತ್ತದೆ. ಇರುವೆ ಹತ್ತದ ಹಾಗೆ ಡ್ರಮ್ಮನ್ನು ನೀರು ತುಂಬಿದ ತಟ್ಟೆಯ ನಡುವೆ ಕಲ್ಲಿನ ಮೇಲೆ ಇಡುವುದು. ಬೆಳಿಗ್ಗೆ ಆ ತಟ್ಟೆಯ ನೀರು ಚೆಲ್ಲುವುದನ್ನು ಮರೆತರೆ ಅಲ್ಲೇ ಸೊಳ್ಳೆ ಸಂಸಾರ ಶುರು!

ಶಾಲೆಯೊಳಕ್ಕೆ ನಾಟಕವನ್ನೇ ಪಾಠವಾಗಿ ಒಯ್ಯುವ ಪದ್ಧತಿಗೆ ಇಂಗ್ಲೆಂಡಿನ ಕೊವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್ 1965ರಲ್ಲಿ ಒಂದು ರೂಪ ಕೊಟ್ಟಿತು. ಬ್ರೆಜಿಲ್ಲಿನ ರಂಗಕರ್ಮಿ ಅಗಸ್ಟೊ ಬೋವಾಲ್ ಕೂತು ನೋಡುವವರನ್ನೇ ಎಬ್ಬಿಸಿ ಆಟದೊಳಗೆ ಕರೆದರು. ನಡುವೆ ನಿಂತು ಎರಡೂ ಕಡೆ ಮಾತಾಡುವವನನ್ನು ಜೋಕರ್ ಎಂದರು. ನಮಗೆ ಆ ಪಾತ್ರ ಹುಡುಕಬೇಕಾಗಿರಲಿಲ್ಲ. ವೇಷ ಬಂದ ಕೂಡಲೇ ತಡೆದು ನಿಲ್ಲಿಸಿ 'ತಾವು ಯಾರು' ಎಂದು ಕೇಳುವ ಯಕ್ಷಗಾನದ ಭಾಗವತ ಇದ್ದೇ ಇದ್ದ. ಹಾಗಾಗಿ ಪಾತ್ರ ಐದು: ಭಾಗವತ, ಅಜ್ಜಿ, ಮೊಮ್ಮಗಳು, ಸೊಳ್ಳೆ, ತಮಟೆಯವನು. ತಮಟೆಯವನೇ ಸಾಮಾನು ಎತ್ತಿಡುವವನೂ ಹೌದು.

ಸೊಳ್ಳೆಯ ಪಾತ್ರವನ್ನು ತಂಡದ ಅತಿ ನಗೆಗಾರನಿಗೆ ಕೊಟ್ಟರೆ ಆಟ ಕೆಡುತ್ತದೆ. ಮಕ್ಕಳು ಸೊಳ್ಳೆಯ ಪಕ್ಷ ಸೇರಿ 'ಕಚ್ಚು, ಕಚ್ಚು' ಎಂದು ಕೂಗುತ್ತಾರೆ, ಅಜ್ಜಿ ಖಳನಾಯಕಿಯಾಗುತ್ತಾಳೆ. ಸೊಳ್ಳೆಯ ನಗೆ ಕಡಿಮೆ ಮಾಡಿದರೆ ನಾಟಕ ಒಣಗುತ್ತದೆ. ಪರಿಹಾರ ಸಿಕ್ಕಿದ್ದು ಮೊಮ್ಮಗಳ ಕಡೆಯಿಂದ. ಅವಳು ಮೊದಲ ಐದು ನಿಮಿಷ ಮಕ್ಕಳ ಜೊತೆ ನಿಜವಾಗಿಯೇ ಕುಂಟೆಬಿಲ್ಲೆ ಆಡುತ್ತಾಳೆ, ನಾಲ್ಕು ಮಕ್ಕಳ ಹೆಸರು ಕೇಳಿ ನೆನಪಿಟ್ಟುಕೊಳ್ಳುತ್ತಾಳೆ. ಅವಳಿಗೆ ಜ್ವರ ಬಂದ ಮೇಲೆ ಭಾಗವತ ಅದೇ ಕುಂಟೆಬಿಲ್ಲೆ ಮನೆಗಳ ಮುಂದೆ ಬಿಲ್ಲೆ ಹಿಡಿದು 'ಈಗ ಯಾರ ಸರದಿ' ಎಂದು ಕೇಳುತ್ತಾನೆ. ಅವಳ ಸರದಿ. ಅವಳು ಮಲಗಿದ್ದಾಳೆ. ಸೊಳ್ಳೆ ಎಷ್ಟೇ ನಗಿಸಿದ್ದರೂ ಅಲ್ಲಿ ಪಕ್ಷ ಬದಲಾಗುತ್ತದೆ.

ಮುಖ ಮುಚ್ಚುವ ಮುಖವಾಡ ಬೇಡ. ಒಂದನೇ ತರಗತಿಯಲ್ಲಿ ಒಬ್ಬರಾದರೂ ಅಳುತ್ತಾರೆ, ಒಬ್ಬರು ಅತ್ತರೆ ಸಾಲೇ ಅಳುತ್ತದೆ. ವೇಷ ಮಕ್ಕಳ ಎದುರೇ ಹಾಕಿಕೊಳ್ಳಬೇಕು: ಕರಿ ಪ್ಯಾಂಟಿಗೆ ಬಿಳಿ ಟೇಪಿನ ಪಟ್ಟೆ (ಈಡಿಸ್ ಸೊಳ್ಳೆಯ ಕಾಲಿಗೂ ಬಿಳಿ ಪಟ್ಟೆಯೇ), ಮೂಗಿಗೆ ಸ್ಪಂಜಿನ ಕೊಳವೆ. ಕಡ್ಡಿ, ತಂತಿ ಕೂಡದು. ಸೊಳ್ಳೆ ಯಾವ ಮಗುವನ್ನೂ ಮುಟ್ಟುವುದಿಲ್ಲ. ಚಿಟಿಕೆ ಹೊಡೆದರೆ ಕಚ್ಚಿದಂತೆ.

ಕಥೆಗೆ ಮೊದಲು ನಿಲ್ಲಿಸುವ ಗುರುತು ಕಲಿಸಬೇಕು. ಮಕ್ಕಳನ್ನು ಎಬ್ಬಿಸುವುದು ಸುಲಭ, ಕೂರಿಸುವುದು ಕಷ್ಟ. ಬೆರಳು ತಟ್ಟಿದರೆ ತುಂತುರು, ಅಂಗೈ ತಟ್ಟಿದರೆ ಮಳೆ, ತೊಡೆ ತಟ್ಟಿದರೆ ಜಡಿಮಳೆ. ತಮಟೆಗೆ ಒಂದೇ ಪೆಟ್ಟು ಬಿದ್ದರೆ ಗಪ್‌ಚುಪ್. ಇದನ್ನು ಮೂರು ಸಲ ಆಟವಾಗಿ ಆಡಿಸಿದ ಮೇಲೆ ಮುಂದಿನ ಅರ್ಧ ಗಂಟೆ ಆ ಒಂದು ಪೆಟ್ಟು ನಿಮ್ಮನ್ನು ಕಾಯುತ್ತದೆ. ಈ ಭಾಗ ಬಿಟ್ಟು ನೇರ ಕಥೆಗೆ ಹಾರಿದ ಪ್ರದರ್ಶನಗಳು ಸಂತೆಯಾಗಿವೆ.

ಸೊಳ್ಳೆಯ ಬೆಳವಣಿಗೆಗೆ ಸೀಮೆಸುಣ್ಣದಲ್ಲಿ ನಾಲ್ಕು ವೃತ್ತ: ಮೊಟ್ಟೆ, ಮರಿ, ಕೋಶ, ಸೊಳ್ಳೆ. ಒಂದು ಸಲಕ್ಕೆ 12 ಮಕ್ಕಳು, ಅದಕ್ಕಿಂತ ಹೆಚ್ಚಾದರೆ ಡ್ರಮ್ಮಿನ ಬಾಯಲ್ಲಿ ನೂಕಾಟ. ಒಂದು ತಮಟೆ ಪೆಟ್ಟು ಅಂದರೆ ಒಂದು ದಿನ, ಮಕ್ಕಳೇ ಎಣಿಸುತ್ತಾರೆ. ಮರಿಯಾದಾಗ ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ನಡೆಯಬೇಕು, ಯಾಕೆಂದರೆ ಅದು ಬಾಲದ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುತ್ತದೆ. ಈ ಭಂಗಿಗೆ ಬೀಳುವ ನಗೆ ಯಾವ ಜೋಕಿಗೂ ಬೀಳುವುದಿಲ್ಲ. ಎಂಟನೇ ಪೆಟ್ಟಿಗೆ ರೆಕ್ಕೆ ಬಡಿದು ಹಾರಿದರೆ 'ಒಂದು ವಾರ' ಎಂಬುದು ಮೈಗೇ ಹತ್ತಿರುತ್ತದೆ.

ಭಾಷೆಯಲ್ಲಿ ತಿದ್ದಬೇಕಾದದ್ದು ಬಹಳ. 'ಲಾರ್ವಾ ಉತ್ಪತ್ತಿ ತಾಣ' ಎನ್ನುವುದು ಇಲಾಖೆಯ ಕಾಗದಕ್ಕೆ ಸರಿ. ಮಕ್ಕಳಿಗೆ 'ಸೊಳ್ಳೆ ಮರಿ'. ಉತ್ತರದ ಕಡೆ ಹೋದರೆ ಸೊಳ್ಳೆ ಗುಂಗಾಡು, ಕರಾವಳಿಯಲ್ಲಿ ನುಸಿ. ಅದಕ್ಕಿಂತ ಮುಖ್ಯ ಪಾತ್ರೆಗಳ ಪಟ್ಟಿ. ಹೂಕುಂಡದ ತಟ್ಟೆ, ಕೂಲರ್, ಫ್ರಿಜ್ಜಿನ ಹಿಂದಿನ ಟ್ರೇ ಪೇಟೆಯ ನಾಟಕದವು. ಅವು ಇಲ್ಲದ ಮನೆಯ ಮಗು 'ನಮ್ಮಲ್ಲಿ ಸೊಳ್ಳೆ ಹುಟ್ಟಲ್ಲ' ಎಂದು ನಿರಾಳವಾಗುತ್ತದೆ. ಮಲೆನಾಡಿಗೆ ಬಿದ್ದ ಅಡಿಕೆ ಹಾಳೆ, ರಬ್ಬರ್ ತೋಟದ ಕಡೆಗೆ ಹಾಲು ಹಿಡಿಯುವ ಚಿಪ್ಪು, ಬಯಲಿಗೆ ದನದ ಬಾನಿ, ಎಲ್ಲ ಕಡೆಗೂ ಟೈರು ಮತ್ತು ಎಳನೀರು ಬುರುಡೆ. ಒಂದು ವಾರ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು, ಮನೆ ಮನೆ ತಿರುಗುವ ಅವರಿಗೆ ಯಾವ ಕೇರಿಯಲ್ಲಿ ಯಾವುದರಲ್ಲಿ ಮರಿ ಸಿಗುತ್ತದೆ ಎಂಬುದು ಬಾಯಿಪಾಠ.

ಆ ಪಟ್ಟಿಯಿಂದ ಒಂಬತ್ತು ಸಾಮಾನು ಅಂಗಳದಲ್ಲಿ ಇಟ್ಟು, ಐದೈದು ಮಕ್ಕಳ ಗುಂಪು ಹುಡುಕಲು ಹೋಗುವುದು ಮುಂದಿನ ಆಟ. ಓಡಲು ಬಿಟ್ಟರೆ ಬೀಳುತ್ತಾರೆ. 'ಸೊಳ್ಳೆಗೆ ಕೇಳಿಸಬಾರದು, ಬೆಕ್ಕಿನ ಹೆಜ್ಜೆ' ಎಂದರೆ ತಾವಾಗಿ ನಿಧಾನವಾಗುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆ ಹಬ್ಬಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ ಕಲಿಯಿಂದ ಈ ಮಕ್ಕಳಿಗೆ ಗುಂಪಿನಲ್ಲಿ ಕೂರುವುದು ರೂಢಿ. ಹೊಸ ಗುಂಪು ಮಾಡಲು ಹೋಗಿ ಹತ್ತು ನಿಮಿಷ ಕಳೆಯುವ ಬದಲು ತರಗತಿಯ ಗುಂಪನ್ನೇ ಹಾಗೇ ಎಬ್ಬಿಸುವುದು ಲೇಸು.

ಇಷ್ಟೆಲ್ಲ ಆದರೂ ಮಕ್ಕಳು ಕುಣಿದರು, ಕೂಗಿದರು ಎಂದಷ್ಟೇ ಆಗುತ್ತದೆ. ಮಗು ಹೇಳಿದ್ದರಿಂದ ಕಥೆಯ ದಾರಿ ಬದಲಾಗದಿದ್ದರೆ ಅದು ಭಾಗವಹಿಸಿದಂತೆ ಅಲ್ಲ. ಅದಕ್ಕೆಂದೇ ಅಜ್ಜಿಯ ದೃಶ್ಯ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರು, ಡ್ರಮ್ಮು ತುಂಬಿದೆ, ಚೆಲ್ಲಲು ಅಜ್ಜಿ ಒಪ್ಪುವುದಿಲ್ಲ. ಮೂಲ ನಾಟಕದಲ್ಲಿ 'ನೀರು ಸಂಗ್ರಹಿಸಬೇಡಿ' ಎಂಬ ಸಾಲಿತ್ತು. ಕೊಡ ಹೊತ್ತು ಬದುಕುವವರ ಮುಂದೆ ಅದನ್ನು ಹೇಳುವುದು ಅವಿವೇಕ, ಹೊಡೆದು ಹಾಕಿದ್ದಾಯಿತು. ಈಗ ಅಜ್ಜಿಯೇ ಮಕ್ಕಳನ್ನು ಕೇಳುತ್ತಾಳೆ: 'ನೀರೂ ಉಳೀಬೇಕು, ಮಗೂನೂ ಉಳೀಬೇಕು, ನಾನೇನ್ ಮಾಡ್ಲಿ ಹೇಳ್ರಪ್ಪ?'

ಅಜ್ಜಿಯ ಪಾತ್ರಧಾರಿಗೆ ಬಾಯಿಪಾಠದ ಮಾತು ಇಲ್ಲಿಂದ ಮುಂದೆ ಇಲ್ಲ, ನಿಯಮ ಮಾತ್ರ ಇದೆ. ಹೇಳಿದ ಪ್ರತಿಯೊಂದನ್ನೂ ಮಾಡಿ ನೋಡಬೇಕು. ಮುದ್ದಾಗಿ ಹೇಳಿದರೆಂದು ಒಪ್ಪಬಾರದು. 'ಎಲ್ಲ ಚೆಲ್ಲು' ಎಂದರೆ ಚೊಂಬು ತಲೆಕೆಳಗು ಮಾಡಿ 'ನಾಳೆ ಅನ್ನಕ್ಕೆ?' ಎನ್ನಬೇಕು. 'ಮೀನು ಬಿಡು' ಎಂಬ ಸಲಹೆ ಬಂದೇ ಬರುತ್ತದೆ. ಗಪ್ಪಿ, ಗಾಂಬೂಸಿಯಾ ಮೀನು ಸೊಳ್ಳೆ ಮರಿ ತಿನ್ನುವುದು ನಿಜ. ದನದ ತೊಟ್ಟಿಗೆ ಸರಿ, ಮುಚ್ಚಿಡುವ ಕುಡಿಯುವ ನೀರಿನ ಡ್ರಮ್ಮಿಗೆ ಅಲ್ಲ. 'ಸೀಮೆಎಣ್ಣೆ ಹಾಕು' ಎಂದರೆ ಅಜ್ಜಿ ಒಂದು ಗುಟುಕು ಕುಡಿದಂತೆ ಮಾಡಿ ಮುಖ ಕಿವುಚಿದರೆ ಸಾಕು. 'ಬಟ್ಟೆ ಕಟ್ಟು' ಎಂದಾಗ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಕಲ್ಲು ಇಡುತ್ತಾಳೆ, ಸಂದಿಯಲ್ಲಿ ಸೊಳ್ಳೆ ಮೂಗು ತೂರಿಸುತ್ತದೆ. ಮಕ್ಕಳು ಕೂಗಿ ಹಗ್ಗ ಬಿಗಿಸುತ್ತಾರೆ. ಇದ್ದ ನೀರನ್ನು ಕೊಡಗಳಿಗೆ ಸೋಸಿ ಇಳಿಸಿ, ಡ್ರಮ್ಮು ಉಜ್ಜಿ, ಮತ್ತೆ ತುಂಬುವ ಉಪಾಯ ಸಾಮಾನ್ಯವಾಗಿ ನಾಲ್ಕನೇ ತರಗತಿಯ ಹುಡುಗಿಯರಿಂದ ಬರುತ್ತದೆ, ಮನೆಯಲ್ಲಿ ನೀರು ಹಿಡಿಯುವವರು ಅವರೇ ಆದ್ದರಿಂದ.

ಯಾರೂ ಬಾಯಿ ಬಿಡದಿದ್ದರೆ ಭಾಗವತ ತಾನೇ ಒಂದು ಪೆದ್ದು ಉಪಾಯ ಹೇಳಬೇಕು: 'ಸೊಳ್ಳೆಗೆ ಬರಬೇಡ ಅಂತ ಕಾಗದ ಬರೆದರೆ?' ದೊಡ್ಡವರನ್ನು ತಿದ್ದುವ ಅವಕಾಶವನ್ನು ಯಾವ ಮಗುವೂ ಬಿಡುವುದಿಲ್ಲ. ಕೇಳಬಾರದ ಪ್ರಶ್ನೆ ಎಂದರೆ 'ನೀರು ಮುಚ್ಚಿಡಬೇಕು ಅಲ್ವಾ ಮಕ್ಕಳೇ?' ಅದಕ್ಕೆ 'ಹೌದೂ ಸಾ...ರ್' ಎಂಬ ರಾಗವೊಂದೇ ಉತ್ತರ. ಇನ್ನೊಂದು ಎಚ್ಚರ: 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ಇಟ್ಟಿತು. ದಂಡದ ಮಾತು ಮಕ್ಕಳ ನಾಟಕಕ್ಕೆ ತರಬೇಡಿ. ಅಮ್ಮನನ್ನು ಪೊಲೀಸರು ಹಿಡಿಯುತ್ತಾರೆ ಎಂದು ಹೆದರಿದ ಮಗು ಡ್ರಮ್ಮಿನ ವಿಷಯ ಮನೆಯಲ್ಲಿ ಎತ್ತುವುದೇ ಇಲ್ಲ.

ಸ್ಥಳ, ಹೊತ್ತು: ಪ್ರಾರ್ಥನೆ ಮುಗಿದ ಮೇಲಿನ ಮೊದಲೆರಡು ಪೀರಿಯಡ್ ಒಳ್ಳೆಯದು. ಬಿಸಿಯೂಟದ ಸಾರಿನ ವಾಸನೆ ಬಂದ ಮೇಲೆ ನಾಟಕ ನಡೆಯುವುದಿಲ್ಲ. ಸೂರ್ಯ ಮಕ್ಕಳ ಬೆನ್ನಿಗಿರಲಿ, ನಟರು ಕಣ್ಣು ಕಿರಿದು ಮಾಡಿಕೊಳ್ಳಲಿ. 60 ಮಕ್ಕಳು ಮಿತಿ. ಹೆಡ್‌ಮಾಸ್ತರರು ಇಡೀ ಶಾಲೆಯನ್ನು ಕೂರಿಸುತ್ತೇವೆ ಎಂದರೆ ಎರಡು ಸಲ ಆಡುತ್ತೇವೆ ಎನ್ನಿ. ಮೇಷ್ಟ್ರು, ಟೀಚರ್ ಕುರ್ಚಿಯಲ್ಲಿ ಕೂತರೆ ಮಕ್ಕಳು ಕೈಕಟ್ಟಿ ಕೂರುತ್ತಾರೆ. ಅವರಿಗೂ ಒಂದು ಪಾತ್ರ ಕೊಡುವುದೇ ಉಪಾಯ: ತಾರಸಿಯ ಮೇಲೆ ಟೈರು ಗುಡ್ಡೆ ಹಾಕಿರುವ ಪಕ್ಕದ ಮನೆಯವರು. ಕೋಲು ತಾನಾಗಿಯೇ ಸ್ಟಾಫ್ ರೂಮಿನಲ್ಲಿ ಉಳಿಯುತ್ತದೆ.

ಕೊನೆಯ ದೃಶ್ಯದಲ್ಲಿ ಮಾತಿಲ್ಲ. ಡ್ರಮ್ಮು ನಿಂತಿದೆ, ಮುಚ್ಚಳ ಮಕ್ಕಳ ಮೊದಲ ಸಾಲಿನ ಹತ್ತಿರ ಮಣ್ಣಿನಲ್ಲಿ ಬಿದ್ದಿದೆ, ಅಜ್ಜಿ ಒಳಗೆ ಹೋಗಿದ್ದಾಳೆ, ಸೊಳ್ಳೆ ದೂರದಲ್ಲಿ ಕಾಲು ಉಜ್ಜಿಕೊಳ್ಳುತ್ತಿದೆ. ಭಾಗವತ ಮುಚ್ಚಳದ ಕಡೆ ನೋಡಕೂಡದು, ಕೈ ತೋರಿಸಕೂಡದು, ಮನಸ್ಸಿನಲ್ಲೇ 20ರವರೆಗೆ ಎಣಿಸಬೇಕು. ಹನ್ನೆರಡಕ್ಕೇ ತಡೆಯಲಾರದೆ ಬಾಯಿ ತೆರೆಯುವ ಭಾಗವತರೇ ಹೆಚ್ಚು. ಮಗು ಏಳುವುದು ಸಾಮಾನ್ಯವಾಗಿ ಹದಿನೈದರ ಮೇಲೆ.