ಅಪ್ಪನ ಬೀಟಿನಲ್ಲಿ ಒಂದು ಶನಿವಾರ

ನಮ್ಮ ಮನೆ ಬಂಗಾರಪೇಟೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಮನೆಯಲ್ಲಿ ಗಡಿಯಾರ ನೋಡುವುದು ಕಡಿಮೆ. ರಾತ್ರಿ ಒಂಬತ್ತು ದಾಟಿದ ಮೇಲೆ ಚೆನ್ನೈ ಕಡೆಯಿಂದ ಶತಾಬ್ದಿ ಹಾರ್ನ್ ಹಾಕಿಕೊಂಡು ಹೋಯಿತು ಅಂದರೆ ಅತ್ತೆ ಟಿವಿ ಆರಿಸಿ ಬಾಗಿಲ ಚಿಲಕ ಹಾಕುತ್ತಾರೆ. ಅದು ಲೇಟಾದ ದಿನ ನಾವೂ ಲೇಟಾಗಿ ಮಲಗುತ್ತೇವೆ.

ಎರಡನೇ ಶನಿವಾರ ನನ್ನ ಆಫೀಸಿಗೆ ರಜೆ. ತಿಂಗಳಿಗೆ ಆ ಒಂದು ದಿನ ನನ್ನದು, ನನ್ನ ಕ್ಯಾಮೆರಾದ್ದು. ಈ ಸಲದ್ದು ಜನವರಿಯಲ್ಲಿ, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಬಂತು. ಕೋಲಾರದ ಕಡೆಯವರಿಗೆ ಜನವರಿ ಅಂದರೆ ಅವರೆಕಾಯಿ. ಶುಕ್ರವಾರ ರಾತ್ರಿ ಒಂದು ಪಾತ್ರೆಯಲ್ಲಿ ಅವರೆಕಾಳು ನೆನೆಹಾಕಿ, ಅದರ ಪಕ್ಕದ ಪ್ಲಗ್ಗಿನಲ್ಲಿ ಕ್ಯಾಮೆರಾ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಿದೆ. ನಾಳೆ ಹಿತಕಿದ ಬೇಳೆ ಸಾರು ಮಾಡಿಕೊಡ್ತೀನಿ ಅಂತ ಮಗಳಿಗೆ ಮಾತು ಕೊಟ್ಟಿದ್ದೆ.

ನಾಲ್ಕೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲು ಕಾಯಿಸಿ, ಇವರಿಗೆ ಕಾಫಿ ಕೊಟ್ಟು, ಆರು ಗಂಟೆಗೆಲ್ಲ ಸ್ಟೇಷನ್ನಿನಲ್ಲಿದ್ದೆ. ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ಜೇಬಿನಲ್ಲಿತ್ತು. ಅದಿಲ್ಲದೆ ನಾನು ಒಳಗೆ ಕಾಲಿಡುವುದಿಲ್ಲ. ಕ್ಯಾಮೆರಾ ಹಿಡಿದವರನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಲೂ ಬೇಕು. ಟಿಕೆಟ್ ತೋರಿಸಿ, ತೆಗೆದ ಫೋಟೋ ತೋರಿಸಿ, ಇದು ಮಾರಾಟಕ್ಕಲ್ಲ ಅಂತ ಹೇಳಿದರೆ ಹೆಚ್ಚಿನವರು ನಕ್ಕು ಮುಂದೆ ಹೋಗುತ್ತಾರೆ.

ಆ ಹೊತ್ತಿಗೆ ಪ್ಲಾಟ್‌ಫಾರ್ಮ್ ತುಂಬ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಕೆಜಿಎಫ್‌ನ ಮಾರಿಕುಪ್ಪಂನಿಂದ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬರುವ ಗಾಡಿಯಲ್ಲಿ ಅದಾಗಲೇ ಸೀಟು ತುಂಬಿರುತ್ತದೆ. 1894ರಲ್ಲಿ ಆ ಲೈನ್ ಹಾಕಿದ್ದು ಚಿನ್ನದ ಗಣಿಗಾಗಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಾಡಿ ನಿಲ್ಲಲಿಲ್ಲ. ಗಣಿ ಕೆಲಸ ಮಾಡಿದವರ ಮಕ್ಕಳು ಅದೇ ಗಾಡಿಯಲ್ಲಿ ದಿನಾ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಕಿಟಕಿಗೆ ತಲೆಯಾನಿಸಿ ಮಲಗಿದವರು, ಮಡಿಲಲ್ಲಿ ಹೂ ಇಟ್ಟುಕೊಂಡು ಕಟ್ಟುವ ಹೆಂಗಸರು. ಅವರ ಮುಖ ಕಾಣುವ ಹಾಗೆ ನಾನು ಫೋಟೋ ತೆಗೆಯುವುದಿಲ್ಲ. ಕಿಟಕಿ ಸರಳಿನ ಮೇಲಿನ ಒಂದು ಕೈ, ಕೊಕ್ಕೆಗೆ ನೇತುಹಾಕಿದ ಊಟದ ಬ್ಯಾಗು, ಅಷ್ಟು ಸಾಕು.

ಬೆಳಗಿನ ಗಾಡಿಗಳಲ್ಲಿ ನನಗೆ ಇಷ್ಟವಾದದ್ದು ಲಾಲ್‌ಬಾಗ್ ಎಕ್ಸ್‌ಪ್ರೆಸ್. ಅದಕ್ಕೆ ಕಾರಣ ಸೂರ್ಯ. ನಮ್ಮಲ್ಲಿ ಲೈನ್ ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿದೆ. ಬೆಳಿಗ್ಗೆ ಬೆಂಗಳೂರಿನಿಂದ ಚೆನ್ನೈ ಕಡೆ ಹೋಗುವ ಗಾಡಿ ಸೂರ್ಯನಿಗೆ ಮುಖ ಕೊಟ್ಟು ಬರುತ್ತದೆ. ಇಂಜಿನ್ನಿನ ಮುಖದ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಚೆನ್ನೈ ಕಡೆಯಿಂದ ಬರುವ ಗಾಡಿಯ ಮುಖ ಆಗ ನೆರಳಲ್ಲಿರುತ್ತದೆ, ಹೆಡ್‌ಲೈಟ್ ಬಿಟ್ಟರೆ ಎಲ್ಲಾ ಕಪ್ಪು. ಚೆನ್ನೈ ಮೈಸೂರು ನಡುವೆ ಈಗ ಎರಡು ವಂದೇ ಭಾರತ್ ಇವೆ. ನನ್ನ ಕಣ್ಣಿದ್ದದ್ದು ಮೊದಲು ಬಂದದ್ದರ ಮೇಲೆ. ಅದು ಓಡುವ ದಿನ ನಮ್ಮೂರು ದಾಟುವುದು ಎರಡು ಸಲ. ಬೆಳಿಗ್ಗೆ ಚೆನ್ನೈನಿಂದ ಬೆಂಗಳೂರಿಗೆ, ಸಂಜೆ ಬೆಂಗಳೂರಿನಿಂದ ಚೆನ್ನೈಗೆ. ಅಂದರೆ ಎರಡು ಸಲವೂ ಸೂರ್ಯನಿಗೆ ಬೆನ್ನು! ಇದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಅದರ ಫೋಟೋ ಯಾಕೆ ಮಂಕಾಗಿ ಬರುತ್ತದೆ ಅಂತ ಅಲ್ಲಿಯವರೆಗೆ ಕ್ಯಾಮೆರಾವನ್ನೇ ಬೈಯುತ್ತಿದ್ದೆ.

ಏಳು ದಾಟಿತ್ತು. ಮಂಜು ಇನ್ನೂ ಹಳಿಯ ಮೇಲೆ ಮಲಗಿತ್ತು. ಲಾಲ್‌ಬಾಗ್ ಬಂತು. ಮುಂದೆ ಚೆನ್ನೈನ ರಾಯಪುರಂ ಶೆಡ್ಡಿನ ಡಬ್ಲ್ಯೂಎಪಿ-7 ಇಂಜಿನ್. ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ಎ ಅಂದರೆ ಎಸಿ ಕರೆಂಟಿನಲ್ಲಿ ಓಡುವುದು, ಪಿ ಅಂದರೆ ಪ್ಯಾಸೆಂಜರ್ ಗಾಡಿಯದ್ದು. ಗೂಡ್ಸ್ ಇಂಜಿನ್ನಾದರೆ ಜಿ. ಈ ಅಕ್ಷರಗಳನ್ನು ನನಗೆ ಹೇಳಿಕೊಟ್ಟಿದ್ದು ಅಪ್ಪ. ಮಂಜಿನೊಳಗಿಂದ ಮೊದಲು ಬೆಳಕು, ಆಮೇಲೆ ಮುಖ. ಬಿಸಿಲಿಗೆ ಬಿಳಿ ಬಣ್ಣ ಬೆಣ್ಣೆ ಹಚ್ಚಿದ ಹಾಗೆ ಕಂಡಿತು. ಆರು ಫೋಟೋ ತೆಗೆದೆ. ಗಾಡಿ ಹೊರಟ ಮೇಲೆ ಕೊನೆಯ ಬೋಗಿಯ ಹಿಂದಿನ ಎಲ್‌ವಿ ಬೋರ್ಡಿನದ್ದೂ ಒಂದು ತೆಗೆದೆ. ಇದು ಕಡೇ ಬೋಗಿ ಅಂತ ಹೇಳುವ ಗುರುತು ಅದು. ಅದು ಕಾಣದಿದ್ದರೆ ಗಾಡಿ ಎಲ್ಲೋ ನಡುವೆ ಕಳಚಿಕೊಂಡಿರಬಹುದು ಅಂತ ಅರ್ಥ. ‘ಕಡೇ ಬೋಗಿ ಹೋಗೋ ತನ್ಕ ಗಾಡಿ ಹೋಗಿಲ್ಲ ಅಂತಾನೇ ಲೆಕ್ಕ ಅಮ್ಮಣ್ಣಿ’ ಅನ್ನುತ್ತಿದ್ದರು ಅಪ್ಪ. ಇಂಜಿನ್ ಫೋಟೋ ಸಿಕ್ಕಿತು ಅಂತ ಮುಖ ತಿರುಗಿಸಿ ಹೋಗುವುದು ನನಗೆ ಈಗಲೂ ಆಗುವುದಿಲ್ಲ.

ಎಂಟಕ್ಕೆ ಮನೆ. ಅಲ್ಲಿಂದ ಮೂರು ಗಂಟೆವರೆಗೆ ರಜೆ ದಿನದ ಕೆಲಸವೇ. ಬಟ್ಟೆ ಒಗೆದೆ, ಮಗಳ ತಲೆಗೆ ಎಣ್ಣೆ ಇಟ್ಟು ಸ್ನಾನ ಮಾಡಿಸಿದೆ. ಆಮೇಲೆ ಹಿತ್ತಿಲ ಬಾಗಿಲಲ್ಲಿ ಅತ್ತೆ ಮತ್ತು ನಾನು ಅವರೆಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಕೂತೆವು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆತ್ತಗೆ ಹಿತಕಬೇಕು. ಬೇಳೆ ಪುಳಕ್ಕಂತ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜೋರಾಗಿ ಹಿತಕಿದರೆ ಬೇಳೆ ಒಡೆದು ಹೋಗುತ್ತದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಮಾಡುತ್ತಾರೆ. ಬೆರಳಿಗೆ ಅಂಟಿದ ಆ ಸೊಗಡಿನ ವಾಸನೆ ಸೋಪು ಹಾಕಿದರೂ ಸಂಜೆವರೆಗೆ ಹೋಗುವುದಿಲ್ಲ. ಕ್ಯಾಮೆರಾಕ್ಕೂ ಅಂಟಿಕೊಂಡಿರುತ್ತದೆ.

ಕೋಲಾರದ ಕಡೆ ಹೋಗುವ ಗಾಡಿಯ ಹಾರ್ನ್ ಕೇಳಿಸಿತು. ‘ಆಗ ರೈಲ್ ಬಸ್ ಇತ್ತಲ್ವಾ, ಅದು ಚೆನ್ನಾಗಿತ್ತು’ ಅಂದರು ಅತ್ತೆ.

ನನ್ನ ಹುಚ್ಚಿನ ಬೇರು ಇರುವುದು ಅಲ್ಲೇ. ಊರಿಗೆ ಬೌರಿಂಗ್‌ಪೇಟೆ ಅಂತ ಹೆಸರಿದ್ದ ಕಾಲದಲ್ಲಿ, 1913ರಲ್ಲಿ, ಇಲ್ಲಿಂದ ಕೋಲಾರಕ್ಕೆ ನ್ಯಾರೋಗೇಜ್ ಲೈನ್ ಬಂತು. ಹಳಿಗಳ ನಡುವೆ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಆಮೇಲೆ ಅದು ಚಿಕ್ಕಬಳ್ಳಾಪುರದ ಕಡೆಗೂ ಬೆಳೆಯಿತು. ತೊಂಬತ್ತರ ದಶಕದಲ್ಲಿ ಕೋಲಾರದವರೆಗೆ ಬ್ರಾಡ್‌ಗೇಜ್ ಆಯಿತು. ಅದರ ಮೇಲೆ ರೈಲ್ ಬಸ್ ಓಡಿತು. ಹೆಸರಿಗೆ ತಕ್ಕ ಹಾಗೆ ಬಸ್ಸಿನಂಥದ್ದೇ ಒಂದು ಬೋಗಿ ಹಳಿ ಮೇಲೆ ಓಡುತ್ತಿತ್ತು. ನಾನು ಕಾಲೇಜಿಗೆ ಹೋಗಿದ್ದು ಅದರಲ್ಲೇ. ಸೀಟಿನ ಕೆಳಗೆ ಟೊಮೆಟೊ ಬುಟ್ಟಿ, ಬಾಗಿಲಲ್ಲಿ ನಾವು ಗೆಳತಿಯರು. ಮೂರು ವರ್ಷ ಓಡಾಡಿದೆ. 2013ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೂ ಬ್ರಾಡ್‌ಗೇಜ್ ಮುಗಿದು ದೊಡ್ಡ ಗಾಡಿಗಳು ಬಂದವು. ರೈಲ್ ಬಸ್ ಹೋಯಿತು. ಅದರದ್ದು ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಗೆಳತಿಯರನ್ನು ಕೇಳಿದೆ, ಅವರ ಹತ್ತಿರವೂ ಇಲ್ಲ. ದಿನಾ ಬರುವ ಗಾಡಿ, ನಾಳೆನೂ ಬರುತ್ತದೆ, ಅದನ್ನು ಯಾಕೆ ಫೋಟೋ ತೆಗೆಯಬೇಕು ಅಂತ ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ಕ್ಯಾಮೆರಾ ಕೊಂಡಾಗಲೇ ನಾನು ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿಕೊಂಡೆ. ಹೊಸ ಗಾಡಿಯನ್ನು ಎಲ್ಲರೂ ತೆಗೆಯುತ್ತಾರೆ. ನಾನು ದಿನದ ಗಾಡಿಯನ್ನು ತೆಗೆಯುತ್ತೇನೆ.

ಆದರೂ ಆಸೆ ಅನ್ನುವುದು ಇರುತ್ತದಲ್ಲ. ಆ ವಂದೇ ಭಾರತ್‌ನ ಒಂದು ಒಳ್ಳೆಯ ಫೋಟೋ ನನ್ನ ಹತ್ತಿರ ಇರಲಿಲ್ಲ. ಮುಖದ ಮೇಲೆ ಬಿಸಿಲು ಬೀಳದಿದ್ದರೆ ಬೇಡ, ಪಕ್ಕದಿಂದ ತೆಗೆಯೋಣ ಅಂದುಕೊಂಡೆ. ಜನವರಿಯಲ್ಲಿ ಸಂಜೆ ಸೂರ್ಯ ನೈಋತ್ಯಕ್ಕೆ ಇಳಿಯುತ್ತಾನೆ. ಲೈನಿನ ದಕ್ಷಿಣಕ್ಕೆ ನಿಂತರೆ ಗಾಡಿಯ ಪಕ್ಕೆಗೆಲ್ಲ ಚಿನ್ನದ ಬೆಳಕು. ಊಟ ಮುಗಿಸಿ, ಮುದ್ದೆ ಪಾತ್ರೆಗೆ ನೀರು ಹಾಕಿ, ಸ್ಕೂಟಿ ತೆಗೆದುಕೊಂಡು ಬೆಂಗಳೂರು ಹಾದಿಯ ಟೇಕಲ್ ಕಡೆ ಹೊರಟೆ. ಅಲ್ಲಿ ನಮ್ಮ ಸಂಬಂಧಿಕರೊಬ್ಬರ ಹೊಲ ಲೈನಿಗೆ ಹತ್ತಿದ ಹಾಗೆ ಇದೆ. ರಾಗಿ ಕುಯ್ದು ಆಗಿತ್ತು. ಬಣವೆಯ ಪಕ್ಕ, ರೈಲ್ವೆ ಗಡಿ ಕಲ್ಲಿನಿಂದ ಈಚೆ ನಿಂತೆ. ಆ ಕಲ್ಲು ದಾಟಿ ಹಳಿಯ ಹತ್ತಿರ ಹೋಗುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ತಪ್ಪು. ಕಾಯ್ದೆ ಇಲ್ಲದಿದ್ದರೂ ನಾನು ದಾಟುತ್ತಿರಲಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 28 ಮೀಟರ್ ಬರುತ್ತದೆ. ದೂರದಲ್ಲಿದೆ ಅಂದುಕೊಳ್ಳುವಷ್ಟರಲ್ಲಿ ಮೈಮೇಲೆ ಇರುತ್ತದೆ. ಫೋಟೋಕ್ಕಾಗಿ ಹಳಿ ಮೇಲೆ ನಿಲ್ಲುವ ಹುಡುಗರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎದುರಿನ ಒಂದು ಕರೆಂಟ್ ಕಂಬಕ್ಕೆ ಫೋಕಸ್ ಮಾಡಿ ಇಟ್ಟೆ. ಓಡುವ ಗಾಡಿ ನಿಂತ ಹಾಗೆ ಸ್ಪಷ್ಟವಾಗಿ ಬರಲಿ ಅಂತ ಶಟರ್ 1/1250 ಸೆಕೆಂಡ್. ಅಷ್ಟರಲ್ಲಿ ಹಳಿಯ ಪಕ್ಕದ ಕಾಲುದಾರಿಯಲ್ಲಿ ಕೀಮ್ಯಾನ್, ಅಂದರೆ ಹಳಿ ನೋಡಿಕೊಳ್ಳುತ್ತಾ ನಡೆಯುವ ರೈಲ್ವೆ ಕೆಲಸಗಾರ, ಒಬ್ಬರು ನಡೆದುಕೊಂಡು ಬಂದರು. ಕಿತ್ತಳೆ ಬಣ್ಣದ ಜಾಕೆಟ್, ಹೆಗಲ ಮೇಲೆ ಉದ್ದನೆ ಹಿಡಿಯ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್, ಕಂಕುಳಲ್ಲಿ ಸುತ್ತಿದ ಕೆಂಪು ಹಸಿರು ಬಾವುಟ. ಪ್ರತಿ ಹತ್ತು ಹೆಜ್ಜೆಗೆ ತಲೆ ಬಗ್ಗಿಸಿ ನೋಡುತ್ತಿದ್ದರು. ಸಡಿಲವಾದ ಕ್ಲಿಪ್ ಕಂಡರೆ ಒಂದು ಏಟು, ಮತ್ತೆ ನಡಿಗೆ. ನನ್ನ ಅಪ್ಪ ಮಾಡಿದ್ದೂ ಇದೇ ಕೆಲಸ. ಮಳೆ ಬಿಸಿಲು ಅನ್ನದೆ ತನ್ನ ಬೀಟನ್ನು, ಅಂದರೆ ತನಗೆ ಒಪ್ಪಿಸಿದ ಹಳಿಯ ತುಂಡನ್ನು, ಹೀಗೇ ನಡೆದು ನಡೆದು ಸವೆಸಿದವರು.

ಚೆನ್ನೈ ಕಡೆಗೆ ವಂದೇ ಭಾರತ್ ಬರುವ ಲೈನ್ ಆ ಕಡೆಯದ್ದು. ಈ ಕಡೆಯದ್ದರಲ್ಲಿ ಬೆಂಗಳೂರಿಗೆ ಹೋಗುವ ಗಾಡಿಗಳು. ನಾಲ್ಕರ ಸುಮಾರಿಗೆ ಪಶ್ಚಿಮದಲ್ಲಿ ಹಾರ್ನ್ ಕೇಳಿಸಿತು. ಎದೆ ಡವಗುಟ್ಟಿತು. ಅದೇ ಹೊತ್ತಿಗೆ ಬಂಗಾರಪೇಟೆ ಕಡೆಯಿಂದ ಇನ್ನೊಂದು ಹಾರ್ನ್. ತಿರುಗಿ ನೋಡಿದರೆ ವೈಟ್‌ಫೀಲ್ಡಿಗೆ ಹೋಗುವ ಕಂಟೇನರ್ ಗೂಡ್ಸ್, ನನ್ನ ಕಡೆಯ ಲೈನಿನಲ್ಲಿ. ನೋಡುತ್ತಿದ್ದ ಹಾಗೆಯೇ ಅದು ಗೋಡೆ ಕಟ್ಟಿದಂತೆ ಅಡ್ಡ ಬಂತು. ಅದರ ಹಿಂದೆ ವಂದೇ ಭಾರತ್ ಸುಯ್ಯೆಂದು ಹೋಗಿದ್ದು ಎರಡು ಕಂಟೇನರ್‌ಗಳ ಸಂದಿಯಲ್ಲಿ ಬಿಳಿ ಮಿಂಚಿನ ಹಾಗೆ ಕಂಡಿತು ಅಷ್ಟೇ. ಹದಿನಾರು ಬೋಗಿಯಲ್ಲಿ ಒಂದೂ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು ಅಂದರೆ ನಂಬಿ.

ಆಗ ಕೀಮ್ಯಾನ್ ಕಣ್ಣಿಗೆ ಬಿದ್ದರು. ಅವರು ಹಳಿಯಿಂದ ದೂರ ಸರಿದು, ಸುತ್ತಿಗೆ ನೆಲಕ್ಕೂರಿ, ಗೂಡ್ಸ್ ಕಡೆ ಮುಖ ಮಾಡಿ ನಿಂತಿದ್ದರು. ನೋಡುತ್ತಿದ್ದದ್ದು ಚಕ್ರಗಳನ್ನು. ಏನಾದರೂ ನೇತಾಡುತ್ತಿದೆಯಾ, ಎಲ್ಲಾದರೂ ಹೊಗೆ ಬರುತ್ತಿದೆಯಾ ಅಂತ. ಒಂದಿಷ್ಟೂ ಅಲ್ಲಾಡದೆ ನಿಂತಿದ್ದರು. ನನಗೆ ಏನನ್ನಿಸಿತೋ, ಓಡುವುದು ಗೆರೆಯಾಗಿ ಬರುವ ಹಾಗೆ ಶಟರನ್ನು 1/30ಕ್ಕೆ ಇಳಿಸಿ, ಬೆಳಕು ಒಳಗೆ ಬಿಡುವ ಕಿಂಡಿಯಾದ ಅಪರ್ಚರ್ ಪೂರ್ತಿ ಕಿರಿದು ಮಾಡಿ, ಮೊಣಕೈಯನ್ನು ಸ್ಕೂಟಿಯ ಸೀಟಿಗೆ ಊರಿ, ಉಸಿರು ಹಿಡಿದು ಒತ್ತಿದೆ. ನಾಲ್ಕೇ ನಾಲ್ಕು. ಅಷ್ಟರಲ್ಲಿ ಕೊನೆಯ ಬೋಗಿ ದಾಟಿತು. ಅವರು ಅದು ದೂರ ಹೋಗುವವರೆಗೂ ನೋಡಿ ಆಮೇಲೆ ಸುತ್ತಿಗೆ ಹೆಗಲಿಗೆ ಹಾಕಿದರು.

ಗಡಿ ಕಲ್ಲಿನ ಈಚೆಯಿಂದಲೇ ಕೂಗಿ ಹೇಳಿದೆ, ‘ಅಣ್ಣಾ, ನಿಮ್ಮದೊಂದು ಫೋಟೋ ತೆಗೆದೆ, ಪರವಾಗಿಲ್ವಾ?’

‘ನಂದ್ಯಾಕಮ್ಮ? ಗಾಡಿದು ತಗೀಬೇಕಿತ್ತು’ ಅಂದರು.

‘ನಮ್ಮಪ್ಪನೂ ಕೀಮ್ಯಾನೇ ಆಗಿದ್ರು.’

ಅವರು ನಿಂತರು. ಯಾರು, ಯಾವ ಗ್ಯಾಂಗು ಅಂತ ಕೇಳಿದರು. ಹೆಸರು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ, ಕೆಲಸಕ್ಕೆ ಸೇರಿ ಐದು ವರ್ಷ ಅಷ್ಟೇ ಅಂತೆ. ಬೇಕಾದರೆ ಅಳಿಸಿಬಿಡ್ತೀನಿ ಅಂದೆ. ‘ಮುಖ ಕಾಣ್ತದಾ?’ ಅಂದರು. ಬೆನ್ನು ಅಂದೆ. ‘ಹಂಗಾದ್ರೆ ಇರ್ಲಿ ಬಿಡಮ್ಮ’ ಅಂತ ನಕ್ಕು ಹೊರಟರು. ಬೀಟು ಇನ್ನೂ ಉಳಿದಿತ್ತು.

ವಾಪಸ್ ಬರುತ್ತಾ ಮಗಳಿಗೆ ಪಾನಿಪುರಿ ಕಟ್ಟಿಸಿಕೊಂಡೆ. ನಮ್ಮೂರಿನ ಪಾನಿಪುರಿಯ ನೀರು ಹಸಿರಲ್ಲ, ಕುಡಿಯುವ ನೀರಿನ ಹಾಗೆ ತಿಳಿ. ಹೊಸಬರು ಖಾರ ಇಲ್ಲ ಅಂದುಕೊಂಡು ಬಾಯಿಗೆ ಹಾಕುತ್ತಾರೆ. ಆಮೇಲೆ ಮುಖ ನೋಡಬೇಕು! ಒಂದು ಪೊಟ್ಟಣ ಮನೆಗೆ ಕೊಟ್ಟು, ಹಿತಕಿದ ಬೇಳೆ ಸಾರು ಡಬ್ಬಿಗೆ ಹಾಕಿಕೊಂಡು ಅಪ್ಪನ ಮನೆಗೆ ಹೋದೆ. ಎರಡು ಬೀದಿ ಆಚೆ.

ಅಪ್ಪನಿಗೆ ಈಗ ಮಂಡಿ ನೋವು, ಹೊರಗೆ ಓಡಾಟ ಕಡಿಮೆ. ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿದೆ. ಲಾಲ್‌ಬಾಗ್ ನೋಡಿ ‘ಚೆನ್ನಾಗೈತೆ’ ಅಂದರು. ಮುಂದಿನದ್ದಕ್ಕೆ ಏನೂ ಹೇಳಲಿಲ್ಲ. ಕನ್ನಡಕ ಮೇಲೆ ಸರಿಸಿ ಹತ್ತಿರ ಬಗ್ಗಿದರು. ಕಂಟೇನರ್‌ಗಳೆಲ್ಲ ಕೆಂಪು ನೀಲಿ ಗೆರೆಗಳಾಗಿ ಹರಿದಿದ್ದವು. ಅದರ ಮುಂದೆ ಒಬ್ಬ ಮನುಷ್ಯ, ಜಾಕೆಟ್ಟಿನ ಹೊಲಿಗೆ ಕಾಣುವಷ್ಟು ಸ್ಪಷ್ಟ. ಮುಂದೆ ಚಾಚಿದ ನೆರಳು, ಊರಿದ ಸುತ್ತಿಗೆ. ಅಪ್ಪ ಮನುಷ್ಯನನ್ನು ಬಿಟ್ಟು ಮೂಲೆಗೆ ಬೆರಳಿಟ್ಟರು. ಅಲ್ಲಿ ಕಿಲೋಮೀಟರ್ ಕಲ್ಲು ಇತ್ತು. ‘ಇದನ್ನ ದೊಡ್ಡದು ಮಾಡು.’

ಮಾಡಿದೆ. ಅಂಕಿ ಕಂಡಿತು.

‘ಇದು ನನ್ನ ಬೀಟು ಕಣಮ್ಮ’ ಅಂದರು.

ಅಷ್ಟು ವರ್ಷ ಆ ಕಲ್ಲಿನ ಪಕ್ಕ ದಿನಾ ನಡೆದವರದ್ದು, ಕೆಲಸದ ಬಟ್ಟೆಯಲ್ಲಿ ತೆಗೆದ ಒಂದು ಫೋಟೋ ನಮ್ಮ ಹತ್ತಿರ ಇಲ್ಲ. ಮದುವೆ ಫೋಟೋ ಇದೆ, ರಿಟೈರ್ ಆದ ದಿನ ಹಾರ ಹಾಕಿಸಿಕೊಂಡದ್ದು ಇದೆ. ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅಪ್ಪ ಇನ್ನೂ ಫೋಟೋ ನೋಡುತ್ತಲೇ ಇದ್ದರು.

‘ಆ ಬಣವೆ ಹತ್ರ ನಿಂತಿದ್ಯಾ? ಅಲ್ಲಲ್ಲ. ಇನ್ನೂ ಒಂಚೂರು ಟೇಕಲ್ ಕಡೆ ಹೋದ್ರೆ ಹುಣಸೆ ಮರ ಐತೆ, ಅದರ ಹಿಂದೆ ದಿಣ್ಣೆ. ಅಲ್ಲಿ ನಿಂತ್ರೆ ಎರಡು ಲೈನೂ ಕಾಣ್ತವೆ. ಗೂಡ್ಸ್ ಬಂದ್ರೂ ಅಡ್ಡ ಬರಲ್ಲ.’

ಫೋನಿನಲ್ಲಿ ಬರೆದುಕೊಂಡೆ. ಫೆಬ್ರವರಿಯ ಎರಡನೇ ಶನಿವಾರ, ಹುಣಸೆ ಮರದ ಹಿಂದಿನ ದಿಣ್ಣೆ. ಆಟೋ ಅಲ್ಲಿಯವರೆಗೆ ಹೋಗುತ್ತದಾ ಅಂತ ಕೇಳಿದೆ. ಹೋಗುತ್ತದೆ ಅಂದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ‘ಮುದ್ದೆ ತಂದಿಲ್ವಾ?’ ಅಂತ ಕೇಳಿದರು.